ಅಕ್ಕನ ಹಲ್ಲು ಬೆಳ್ಳಗೆ ಮಾಡಲು ಹೋಗಿ

ಚಿತ್ರದುರ್ಗ
ಭಾನುವಾರ, ೧೨ ಅಕ್ಟೋಬರ್ ೨೦೨೫

ನನ್ನ ಅಮ್ಮನಿಗೆ,

'ಇಲ್ಲಿ ಎಲ್ಲ ಆರಾಮ' ಎಂದು ಬರೆದು, ಆ ಹಾಳೆಯನ್ನೇ ಹರಿದು ಹಾಕಿ, ಈಗ ಹೊಸದಾಗಿ ಶುರು ಮಾಡಿದ್ದೇನೆ.

ಮೊದಲು ಮುಖ್ಯವಾದದ್ದು. ಅಕ್ಕ ಚೆನ್ನಾಗಿದ್ದಾಳೆ. ಅಂದರೆ, ಚೆನ್ನಾಗುತ್ತಾಳೆ ಎಂದು ಡಾಕ್ಟರ್ ಹೇಳಿದ್ದಾರೆ. ಬಾಯಿ ಸುಟ್ಟುಕೊಂಡಿದ್ದಾಳೆ ಅಮ್ಮ. ಬೆಂಕಿಯಿಂದಲ್ಲ, ಹಲ್ಲಿಗೆ ಹಚ್ಚುವ ಒಂದು ಜೆಲ್‌ನಿಂದ. ಗಾಬರಿಯಾಗಬೇಡ. ನಾನು ನಿನ್ನೆಯಿಂದ ನಿನ್ನ ಪಾಲಿನದ್ದನ್ನೂ ಸೇರಿಸಿ ಗಾಬರಿಯಾಗಿದ್ದೇನೆ. ಅಪ್ಪನಿಗೆ ಈಗಲೇ ಹೇಳಬೇಡ. ಅಪ್ಪ ಮೊದಲು ಬಸ್ಸು ಹತ್ತುತ್ತಾನೆ, ಆಮೇಲೆ ಯಾಕೆಂದು ಕೇಳುತ್ತಾನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕದೆ ಮಾತಾಡುವುದಿಲ್ಲ, ಪಕ್ಕದ ಮನೆಯ ಹುಚ್ಚಕ್ಕ ಗೋಡೆಯಾಚೆಯಿಂದಲೇ "ಏನಂತೆ, ಸಣ್ಣಾಕಿ ಏನಂತೆ" ಎಂದು ಕೂಗುತ್ತಾಳೆ. ಅದೂ ಅಲ್ಲದೆ ನನಗೆ ಮನೆಯ ಮಾತು ಬಾಯಲ್ಲಿ ಬರುವುದಿಲ್ಲ. ಒಂದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಭಾನುವಾರ ಭಾನುವಾರ ವಾರ್ಡನ್ ಕೂರಿಸಿ ಪತ್ರ ಬರೆಸಿದ್ದರಿಂದ ಎಲ್ಲ ಕೈಗೇ ಬರುತ್ತದೆ. ಆ ಪತ್ರಗಳನ್ನು ಅಕ್ಕ ನಿನಗೆ ಓದಿ ಹೇಳುತ್ತಿದ್ದಳು. ಇದನ್ನು ಮಾತ್ರ ನೀನೇ ಓದು. ಅಕ್ಷರ ಕೂಡಿಸಿಕೊಂಡು ನಿಧಾನ ಓದಿದರೂ ಪರವಾಗಿಲ್ಲ. ದಪ್ಪ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಅಕ್ಕನ ಸೀರೆ ಅಂಗಡಿಯ ವಿಷಯ ನಿನಗೆ ಗೊತ್ತಿದೆ. ಸೇರಿದಾಗಿನಿಂದ ಮೇಲಿನ ಮಹಡಿಯಲ್ಲಿ, ಗಿರಾಕಿಗಳು ಬಿಚ್ಚಿಸಿ ಬಿಟ್ಟು ಹೋದ ಸೀರೆಗಳನ್ನು ಮಡಚಿಡುವ ಕೆಲಸ. ಈ ದೀಪಾವಳಿಗೆ ಕೆಳಗಿನ ರೇಷ್ಮೆ ಸೀರೆ ಕೌಂಟರಿನಲ್ಲಿ ನಿಲ್ಲಿಸುತ್ತೇವೆ, ಅಲ್ಲಿ ಸರಿಹೋದರೆ ಕೆಲಸ ಕಾಯಂ ಎಂದು ಅವರ ಮ್ಯಾನೇಜರ್ ನಿರಂಜನ್ ಹೇಳಿದ್ದರು. ಹೇಳಿ, ಜೊತೆಗೆ ಇದನ್ನೂ ಹೇಳಿದರಂತೆ: "ಸೀರೆ ಬಗ್ಗೆ ನಿಮ್ಮಷ್ಟು ಚೆಂದಾಗಿ ಇಲ್ಲಿ ಯಾರೂ ಹೇಳಲ್ಲ ದಿವ್ಯಾ. ಆದ್ರೆ ಮಾತಾಡುವಾಗೆಲ್ಲ ಬಾಯಿಗೆ ಕೈ ಯಾಕ್ರಿ ಅಡ್ಡ ಇಡ್ತೀರಿ? ರೇಟಲ್ಲಿ ಏನೋ ಮುಚ್ಚಿಡ್ತಾರೆ ಅಂದ್ಕಂತಾರೆ ಗಿರಾಕಿಗಳು."

ಅಕ್ಕನ ಹಲ್ಲಿನ ಕಂದು ಕಲೆಗಳು ಅವರಿಗೆ ಗೊತ್ತಿಲ್ಲ. ಅಷ್ಟು ಚೆನ್ನಾಗಿ ಕೈ ಅಡ್ಡ ಇಡುತ್ತಾಳೆ. ಅದಕ್ಕೇ ಅಕ್ಕ ನನ್ನನ್ನು ಕೇಳಿದಳು, ನಾನು ಹಲ್ಲು ಬಿಳಿ ಮಾಡುವ ಜೆಲ್ ಆನ್‌ಲೈನ್‌ನಲ್ಲಿ ತರಿಸಿಕೊಟ್ಟೆ.

ಡಬ್ಬಿ ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತಿತ್ತು ಅಮ್ಮ. ಸಿರಿಂಜಿನಂಥ ಕೊಳವೆಯಲ್ಲಿ ಜೆಲ್, ಹಲ್ಲಿಗೆ ಸಿಕ್ಕಿಸುವ ಮೆತ್ತನೆಯ ಟ್ರೇ, ಬಾಯಲ್ಲಿ ಇಟ್ಟುಕೊಳ್ಳುವ ನೀಲಿ ಲೈಟು. ಮೇಲೆ ಒಬ್ಬಳು ಹುಡುಗಿ, ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು. ಒಳಗೆ ಏನು ಹಾಕಿದ್ದಾರೆ ಎಂದು ಇರುವೆಯಂಥ ಅಕ್ಷರದಲ್ಲಿ ಬರೆದಿದ್ದರು. ಎಷ್ಟು ಪರ್ಸೆಂಟ್ ಎಂದು ಬರೆದಿರಲಿಲ್ಲ. ಅದರಲ್ಲಿ ಪೆರಾಕ್ಸೈಡ್ ಎಂಬ ಹೆಸರು ಕಂಡು ನನಗೆ ಖುಷಿಯೇ ಆಯಿತು, ಪರಿಚಯದವರು ಸಿಕ್ಕ ಹಾಗೆ. ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ ಆ ಬಾಟಲಿ ಮುಟ್ಟಬೇಕಾದರೆ ಸರ್ ಗ್ಲೌಸ್ ಹಾಕಿಸುತ್ತಾರೆ. ಅದು ಲ್ಯಾಬ್, ಇದು ಕಾಸ್ಮೆಟಿಕ್ ಎಂದುಕೊಂಡೆ. ಎಷ್ಟು ಓದಿದರೇನು ಬಂತು ಹೇಳು.

ಅಕ್ಕ ಡಬ್ಬಿ ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟಳು. "ನಿಂಗೆ ಇಂಗ್ಲಿಷ್ ಬರುತ್ತಲ್ಲ, ಏನು ಬರ್ದೈತೆ ಹೇಳು. ನೀನು ಸರಿ ಐತೆ ಅಂದ್ರೆ ಸರಿ" ಎಂದಳು. ತೆಳ್ಳಗೆ ಹಚ್ಚು, ಹತ್ತು ನಿಮಿಷಕ್ಕೆ ಉಗುಳಿಬಿಡು ಎಂದೆ. ಉರಿದರೆ ಕೂಡಲೇ ತೊಳೆಯಿರಿ ಎಂಬ ಸಾಲೂ ಇತ್ತು. ಅದನ್ನು ಓದಿ ಹೇಳಿದೆ ಎಂದೇ ನನ್ನ ನೆನಪು. ನೀನು ಹೇಳಲೇ ಇಲ್ಲ ಎನ್ನುತ್ತಾಳೆ ಅಕ್ಕ.

ಶುಕ್ರವಾರ ಕೆಲಸ ಮುಗಿಸಿ ಬಂದು ಅವಳ ಪಿಜಿ ರೂಮಿನಲ್ಲಿ ಕೂತು ಅವಳು ಮಾಡಿದ್ದನ್ನು ಕೇಳು. ನೀನು ಪಾತ್ರೆಗೆ ಕಲಾಯಿ ಹಾಕಿಸುವ ಮುಂಚೆ ಹುಣಸೆಹಣ್ಣು, ಬೂದಿ ಹಾಕಿ ಗಸಗಸ ತಿಕ್ಕಿಕೊಡುತ್ತಿದ್ದೆಯಲ್ಲ, ಕಿಲುಬು ಹೋಗದಿದ್ದರೆ ತವರ ಹಿಡಿಯುವುದಿಲ್ಲ ಎಂದು? ಅಕ್ಕ ಹಲ್ಲಿಗೂ ಅದೇ ಲೆಕ್ಕ ಹಾಕಿದ್ದಾಳೆ. ಇದ್ದಿಲು ಪುಡಿ, ಕಲ್ಲುಪ್ಪು, ನಿಂಬೆರಸ. ಒಸಡಿನಲ್ಲಿ ರಕ್ತ ಜಿನುಗುವವರೆಗೆ ತಿಕ್ಕಿ, ಆ ಹಸಿ ಗಾಯದ ಮೇಲೆ ಜೆಲ್ ಮೆತ್ತಿದ್ದಾಳೆ. ತೆಳ್ಳಗೆ ಅಲ್ಲ. ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ. ಕಣ್ಣಲ್ಲಿ ನೀರು ಬರುವಷ್ಟು ಉರಿದಿದೆ. ಮದ್ದು ಹಿಡೀತಾ ಐತೆ ಎಂದುಕೊಂಡಳಂತೆ. ನಮಗೆ ಮಂಡಿ ತರಚಿದಾಗ ಅರಿಸಿನ ಹಚ್ಚಿ ನೀನು ಹಾಗೇ ಅಲ್ಲವೇ ಹೇಳುತ್ತಿದ್ದದ್ದು. ಫೋನಿನಲ್ಲಿ ಧಾರಾವಾಹಿ ಹಾಕಿಕೊಂಡು, ಅದು ಮುಗಿಯುವವರೆಗೂ ನೀಲಿ ಲೈಟು ಕಚ್ಚಿಕೊಂಡು ಕೂತಿದ್ದಾಳೆ.

ನಿನ್ನೆ ಬೆಳಿಗ್ಗೆ ಅವಳ ರೂಮಿನ ಹುಡುಗಿ ಫೋನ್ ಮಾಡಿದಳು. ಬೇಗ ಬಾ ಅಂದಳು, ಯಾಕೆಂದು ಹೇಳಲಿಲ್ಲ. ನಾನು ಹೋಗುವ ದಾರಿಯುದ್ದಕ್ಕೂ ಏನೇನೋ ಅಂದುಕೊಂಡೆ, ಇದನ್ನು ಮಾತ್ರ ಅಂದುಕೊಂಡಿರಲಿಲ್ಲ. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತುಟಿ ಊದಿ ಮುಖವೇ ಬೇರೆಯವರದ್ದಾಗಿತ್ತು. ಬಾಯಿ ತೆಗಿ ಎಂದೆ. ತೆಗೆದಳು. ಒಸಡೆಲ್ಲ ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ, ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ನಾನು ಕಿರುಚಿದೆ. ನನ್ನ ಕಿರುಚಾಟಕ್ಕೆ ಪಿಜಿ ಆಂಟಿ ಸೌಟು ಹಿಡಿದುಕೊಂಡೇ ಓಡಿ ಬಂದರು. ಅಕ್ಕನಿಗೆ ಮಾತಾಡಲು ಆಗುತ್ತಿರಲಿಲ್ಲ. ಫೋನಿನಲ್ಲಿ ಟೈಪ್ ಮಾಡಿ ನನ್ನ ಮುಂದೆ ಹಿಡಿದಳು: 'ಬೆಳ್ಳಗಾಯ್ತಾ?'

ಒಸಡು ಬೆಳ್ಳಗಾಗಿತ್ತು ಅಮ್ಮ. ಹಲ್ಲಲ್ಲ.

ಆಟೋ ಮಾಡಿಕೊಂಡು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಹೆಂಗಸು, ನಿನ್ನ ವಯಸ್ಸಿನವರು. ಬಾಯಿ ನೋಡಿದರು. ಇದ್ದಿಲು, ನಿಂಬೆಹಣ್ಣಿನ ಕಥೆ ಕೇಳಿದ ಮೇಲೆ, "ಏನಮ್ಮ, ಹಲ್ಲಿಗೆ ಕಲಾಯಿ ಹಾಕಕ್ಕೆ ಹೋಗಿದ್ದೆಯಾ?" ಎಂದರು. ಅಕ್ಕ ತಲೆಯಾಡಿಸಿದಳು, ಹೌದು ಎಂದು. ಅವರು ನಗಲು ಹೋದವರು ನಗಲಿಲ್ಲ. ಬಾಯೆಲ್ಲ ತಣ್ಣಗಿನ ಸಲೈನ್‌ನಿಂದ ತೊಳೆದು ಉರಿ ಇಳಿಯುವ ಔಷಧಿ ಹಚ್ಚಿದರು. ಒಸಡಿನ ಆ ಬಿಳಿ ಚರ್ಮ ಉದುರಿ ಹೊಸದು ಬರುತ್ತದಂತೆ, ಒಂದೆರಡು ವಾರ. ಅಲ್ಲಿಯವರೆಗೆ ಖಾರ, ಹುಳಿ, ಬಿಸಿ ಯಾವುದೂ ಬೇಡ. ರಾಗಿ ಅಂಬಲಿ ಆರಿಸಿ ಕುಡಿಯಲಿ ಎಂದಿದ್ದಾರೆ. ಹಲ್ಲು ಜುಂ ಎನ್ನುವುದು ಇನ್ನೂ ಸ್ವಲ್ಪ ದಿನ ಇರಬಹುದಂತೆ.

"ಇದನ್ನ ತರಿಸಿದ್ದು ಯಾರು?" ಎಂದು ಕೇಳಿದರು. ಆ ಊದಿದ ಬಾಯಲ್ಲೇ ಅಕ್ಕ, "ನಾನೇ ಕೇಳಿದ್ದು ಮೇಡಂ, ಇವಳಿಗೆ ಬೈಬೇಡ್ರಿ" ಎಂದಳು.

ಅಕ್ಕ ಡಾಕ್ಟರ್‌ಗೆ ಹೇಳಿದ ಅದೇ ಸುಳ್ಳನ್ನು ನಾನು ಮೇಲೆ ನಿನಗೆ ಬರೆದೆ. ಅಕ್ಕ ಏನನ್ನೂ ಕೇಳಿರಲಿಲ್ಲ. ಹೋದ ತಿಂಗಳು ಅವಳು ನನಗೆಂದು ಮಂಡಕ್ಕಿ ಒಗ್ಗರಣೆ ಮಾಡಿ ಹಾಸ್ಟೆಲ್ ಗೇಟಿಗೆ ತಂದಿದ್ದಳು. ಬಿಸಿಲಲ್ಲಿ ನಡೆದು ಬಂದಿದ್ದಳು. ನನ್ನ ರೂಮ್‌ಮೇಟ್ ಮೋನಿಕಾ ಜೊತೆಗಿದ್ದಳು. ಅಕ್ಕ ನನ್ನನ್ನು ಕಂಡ ಖುಷಿಗೆ ಕೈ ಅಡ್ಡ ಇಡುವುದನ್ನು ಮರೆತು ನಕ್ಕಳು. ಮೋನಿಕಾ ಅವಳ ಹಲ್ಲು ನೋಡಿದ್ದನ್ನು ನಾನು ನೋಡಿದೆ. ಯಾರೇ ಅದು ಎಂದು ಕೇಳಿದಳು. ನಮ್ಮೂರಿನವರು ಎಂದೆ. ಗೇಟು ಅಲ್ಲೇ ಇತ್ತು, ಅಕ್ಕನಿಗೆ ಕೇಳಿಸಿತು. ಡಬ್ಬಿ ನನ್ನ ಕೈಗೆ ಕೊಟ್ಟು, "ಬಿಸಿ ಇದ್ದಾಗ್ಲೇ ತಿನ್ನು" ಎಂದಷ್ಟೇ ಹೇಳಿ ಹೋದಳು. ಅದಾದ ಮೇಲೆ ಜೆಲ್ ಆರ್ಡರ್ ಮಾಡಿದ್ದು ನಾನು. ಕೌಂಟರಿನ ನೆಪ ಆಮೇಲೆ ಸಿಕ್ಕಿತು. ಈಗ ನೀನು ನನಗೆ ಎಷ್ಟು ಬೈದರೂ ಸರಿ.

ಆದರೆ ಬೈಯುವ ಮುಂಚೆ ಇದನ್ನು ಓದು. ನಾನು ಈ ಪತ್ರ ಬರೆಯುತ್ತಿರುವುದು ಒಸಡಿನ ವಿಷಯಕ್ಕೆ ಮಾತ್ರ ಅಲ್ಲ.

ಡಾಕ್ಟರ್ ಅಕ್ಕನ ಹಲ್ಲನ್ನು ಕನ್ನಡಿಯಲ್ಲಿ ತೋರಿಸಿ, "ಈ ಕಲೆ ಮೇಲೆ ಕೂತಿರೋ ಕೊಳೆ ಅಲ್ಲಮ್ಮ. ಎಲೆ ಅಡಿಕೆದೂ ಅಲ್ಲ. ಹಲ್ಲು ಒಸಡಿನ ಒಳಗೆ ಬೆಳೀತಿರುವಾಗಲೇ ಆಗಿರೋದು. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದ್ರೆ ಹಿಂಗಾಗುತ್ತೆ. ತಿಕ್ಕಿದ್ರೆ ಹೆಂಗೆ ಹೋದೀತು?" ಎಂದರು. ಎಷ್ಟು ವರ್ಷ ಅಮ್ಮ! ಹಲ್ಲುಜ್ಜಲ್ಲ ಎಂದು ಇಸ್ಕೂಲಿನಲ್ಲಿ ಮೇಷ್ಟ್ರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರಲ್ಲ. ಹಾಸ್ಟೆಲ್ ಶಿಸ್ತು ನೋಡು, ಸಣ್ಣಾಕಿ ಹಲ್ಲು ಮುತ್ತಿದ್ದಂಗೆ ಐತೆ ಎಂದು ಹುಚ್ಚಕ್ಕ ಅವಳೆದುರೇ ನನ್ನ ಗದ್ದ ಹಿಡಿಯುತ್ತಿದ್ದಳಲ್ಲ.

ಆಮೇಲೆ ಡಾಕ್ಟರ್ ನನ್ನ ಕಡೆ ತಿರುಗಿದರು. "ನೀನು ಒಡಹುಟ್ಟಿದವಳಾ? ಒಂದೇ ಮನೆ?" ಹೌದೆಂದೆ. "ಬಾಯಿ ತೆಗಿ." ಲೈಟು ಹಾಕಿ ನೋಡಿದರು. "ನೀನು ಆ ಊರಲ್ಲಿ ಬೆಳೆದಿಲ್ಲ" ಎಂದರು. ಎರಡು ತುಂಬಿದ ಕೂಡಲೇ ಹೊಳಲ್ಕೆರೆ ಕಡೆ ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು, ಅವರ ಹಿತ್ತಿಲಿನ ತೆರೆದ ಬಾವಿಯ ನೀರು ಕುಡಿದು ಬೆಳೆದೆ, ಆಮೇಲೆ ಹಾಸ್ಟೆಲ್ ಎಂದೆ. ಅವರು ನನ್ನ ಮುಂದಿನ ಹಲ್ಲಿನ ತುದಿಯಲ್ಲಿರುವ ಸಣ್ಣ ಬಿಳಿ ಗೆರೆಯನ್ನು ಕನ್ನಡಿಯಲ್ಲಿ ತೋರಿಸಿದರು. "ಇದು ಆ ಎರಡು ವರ್ಷದ ಗುರುತು. ಅಲ್ಲೇ ಇದ್ದಿದ್ರೆ ನಿಂದೂ ಅಕ್ಕನ ಹಂಗೇ ಆಗ್ತಿತ್ತು. ಹೊರಗೆ ಇಟ್ಟಿದ್ದು ಒಳ್ಳೇದಾಯ್ತು."

ಒಳ್ಳೆಯದಾಯಿತು ಎಂಬ ಮಾತು ನನಗೆ ಅರ್ಥವೇ ಆಗಲಿಲ್ಲ. ನನ್ನನ್ನು ಯಾಕೆ ಬಿಟ್ಟರು, ಅಕ್ಕನನ್ನು ಯಾಕೆ ಇಟ್ಟುಕೊಂಡರು ಎಂದು ಕೇಳಿಕೊಂಡೇ ನಾನು ಬೆಳೆದದ್ದು. ಅಕ್ಕನ ಕಡೆ ನೋಡಿದೆ. ಅವಳು ಕುರ್ಚಿಯಲ್ಲಿ ಕೂತಲ್ಲೇ, ಹತ್ತಿ ಕಚ್ಚಿಕೊಂಡು, ಏನೋ ಸಾಧಾರಣ ಮಾತಿನ ಹಾಗೆ, "ಅದಕ್ಕೇ ಅಲ್ವೇನೆ ನಿನ್ನ ಕಳ್ಸಿದ್ದು" ಎಂದಳು.

ನಾನು ಅಲ್ಲೇ ಗೋಡೆ ಹಿಡಿದುಕೊಂಡೆ. ನರ್ಸ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟರು. ಪೇಷೆಂಟ್ ಯಾರಮ್ಮ ಇಲ್ಲಿ ಎಂದು ಬೈದರು.

ಹೊರಗೆ ಬೇವಿನ ಮರದ ಕೆಳಗೆ ಕೂತು ಅಕ್ಕನಿಂದ ಒಂದೊಂದೇ ಮಾತು ಕಿತ್ತೆ. ಅವಳಿಗೆ ಏಳು ವರ್ಷ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದದ್ದೇ ಕಂದು ಬಣ್ಣದಲ್ಲಿ. ಇಸ್ಕೂಲಿಗೆ ಕ್ಯಾಂಪಿನ ಡಾಕ್ಟರ್ ಬಂದಾಗ ನೀನು ಅವಳನ್ನು ತೋರಿಸಿದೆಯಂತೆ. ಇದು ನೀರಿನಿಂದ, ಈ ಮಗುವಿಗೆ ಆಗಿದ್ದು ಆಯಿತು, ಸಣ್ಣದಕ್ಕೆ ಇನ್ನೂ ಕಾಲ ಇದೆ, ಏಳೆಂಟು ವರ್ಷ ಬೇರೆ ನೀರು ಕುಡಿಸಿ ಎಂದರಂತೆ. ಸೊಂಟದ ಮೇಲಿದ್ದ ಆ ಸಣ್ಣದು ನಾನು. ಮಾರನೇ ವಾರ ನಾನು ದೊಡ್ಡಮ್ಮನ ಮನೆಯಲ್ಲಿದ್ದೆ.

ರಜಕ್ಕೆ ಬಂದಾಗ ನೀನು ನನಗೆ ಬೇರೆ ಬಿಂದಿಗೆಯಿಂದ ನೀರು ಕೊಡುತ್ತಿದ್ದೆ. ಅಕ್ಕ, ಅಪ್ಪ, ನೀನು ಒಂದು ಕೊಡದ ನೀರು ಕುಡಿಯುತ್ತಿದ್ದಿರಿ, ನನಗೆ ಮಾತ್ರ ಬೇರೆ. ನಾನು ಮನೆಯವಳಲ್ಲ, ನೆಂಟಳು ಎಂದು ಅದರಿಂದಲೇ ತಿಳಿದುಕೊಂಡಿದ್ದೆ. ಒಂದು ಸಲ ಹಾಸ್ಟೆಲ್‌ನಿಂದ ಹಾಗೇ ಬರೆದಿದ್ದೆ ಕೂಡ. ಅಕ್ಕ ಅದನ್ನು ನಿನಗೆ ಓದಿ ಹೇಳಿರಬೇಕು. ಆ ಬಿಂದಿಗೆಯ ನೀರನ್ನು ಅಪ್ಪ ಸೈಕಲ್ಲಿನಲ್ಲಿ ಎಷ್ಟು ದೂರದಿಂದ ತರುತ್ತಿದ್ದ ಎಂದು ಅಕ್ಕ ನಿನ್ನೆ ಹೇಳಿದಳು. ನಾನು ಅಲ್ಲೇ ಬೇವಿನ ಮರಕ್ಕೆ ಹಣೆ ಇಟ್ಟುಕೊಂಡು ಅತ್ತೆ. ಜನ ಹಲ್ಲುನೋವು ಎಂದುಕೊಂಡಿರಬೇಕು.

ಯಾಕೆ ಯಾರೂ ನನಗೆ ಹೇಳಲಿಲ್ಲ ಎಂದು ಅಕ್ಕನ ಮೇಲೆ ರೇಗಿದೆ. ಅಕ್ಕ ಹೇಳಿದಳು: "ಅಮ್ಮ ಆಣೆ ಹಾಕಿಸಿದ್ಲು. ದಿವ್ಯಾನ ಪಾಪ ಅನ್ನೋರು ಊರು ತುಂಬ ಅವ್ರೆ, ತಂಗಿನೂ ಪಾಪ ಅನ್ನೋದು ಬೇಡ. ಸಣ್ಣಾಕಿಗೆ ನನ್ ಮೇಲೆ ಸಿಟ್ಟು ಇರ್ಲಿ ಬಿಡು ಅಂದ್ಲು." ನೀನು ಹಾಗೆ ಹೇಳಿದ್ದು ನಿಜವಾ ಅಮ್ಮ? ಇಷ್ಟು ವರ್ಷ ನನ್ನ ಸಿಟ್ಟನ್ನು ಸುಮ್ಮನೆ ತಿಂದೆಯಾ?

ಮುಂದೇನು ಎಂದು ನೀನು ಕೇಳುತ್ತೀಯ. ಡಾಕ್ಟರ್ ಅದನ್ನೂ ಹೇಳಿದ್ದಾರೆ. ಒಸಡು ಪೂರ್ತಿ ಮಾಗಿದ ಮೇಲೆ, ಮೊದಲು ಒಂದು ಪೇಸ್ಟ್ ಹಾಕಿ ಮೇಲಿನ ಕಂದು ಪದರವನ್ನು ಹಗುರಾಗಿ ಉಜ್ಜುತ್ತಾರೆ. ಆಮೇಲೆ ಅವಳ ಹಲ್ಲಿನ ಅಳತೆಗೇ ಟ್ರೇ ಮಾಡಿ, ಕಡಿಮೆ ಪರ್ಸೆಂಟಿನ ಜೆಲ್ ಅನ್ನು ಒಸಡಿಗೆ ತಾಗದ ಹಾಗೆ, ಅವರ ಕಣ್ಣೆದುರಿಗೇ ಶುರು ಮಾಡುತ್ತಾರೆ. ನಡುವೆ ಕೆಲವು ದಿನ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣುತ್ತವಂತೆ, ಹೆದರಬಾರದಂತೆ. "ಬಹಳ ಕಮ್ಮಿಯಾಗುತ್ತೆ, ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ" ಎಂದರು.

ವಾಪಸ್ ಬರುವಾಗ ಆಟೋದಲ್ಲಿ ನಾನು ಅಕ್ಕನ ಕೈ ಹಿಡಿದುಕೊಂಡು, ಅದೆಲ್ಲ ಬೇಡ ಬಿಡಕ್ಕ, ನೀನು ಇದ್ದ ಹಾಗೇ ಚೆನ್ನಾಗಿದ್ದೀಯ ಎಂದೆ. ಮನಸಾರೆ ಹೇಳಿದ್ದು ಅಮ್ಮ. ಅಕ್ಕ ಕೈ ಕಿತ್ತುಕೊಂಡಳು. "ಬೆಳ್ಳನ ಹಲ್ಲು ಇಟ್ಕಂಡು ನಂಗೆ ಆ ಮಾತು ಹೇಳ್ಬೇಡ ಕಣೆ. ಗೇಟಲ್ಲಿ ನಾಚ್ಕಂಡಿದ್ದೂ ನೀನೇ, ಈಗ ಚೆಂದ ಅನ್ನೋದೂ ನೀನೇ. ನನ್ ಬಾಯಿ, ನಾನು ಮಾಡಿಸ್ಕಂತೀನಿ. ಸರಿಯಾಗಿ ಮಾಡಿಸ್ಕಂತೀನಿ." ಡ್ರೈವರ್ ಕನ್ನಡಿಯಲ್ಲಿ ನೋಡಿದ. ನಾನು ಕಿಟಕಿಯಾಚೆ ಕೋಟೆ ಗುಡ್ಡ ನೋಡುತ್ತ ಕೂತೆ.

ಇವತ್ತು ಅವಳು ನಿರಂಜನ್ ಅವರಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಸುಟ್ಟಿದೆ ಎಂದಳು, ಹಲ್ಲಿನ ಕಲೆಯ ವಿಷಯವನ್ನೂ ಹೇಳಿಬಿಟ್ಟಳು. ಅವರು ಒಳ್ಳೆಯವರೇ. "ಅಷ್ಟೇನಾ? ಒಂದು ಮಾಸ್ಕ್ ಹಾಕ್ಕಂಡು ನಿಂತ್ಕಳ್ರಿ, ಕೌಂಟರ್ ನಿಮ್ದೇ" ಎಂದರು. ಸದ್ಯ ಬದುಕಿದೆವು ಎಂದುಕೊಂಡೆ ನಾನು. ಅಕ್ಕ, "ಬೇಡ ಸಾರ್. ಇಷ್ಟು ದಿನ ಕೈ ಅಡ್ಡ ಇಟ್ಟಿದ್ದು ಸಾಕು. ವಾಸಿಯಾದ್ಮೇಲೆ ಬಾಯಿ ತೆಗ್ದೇ ನಿಂತ್ಕಂತೀನಿ, ಕಲೆ ಇದ್ರೂ ಸೈ, ಹೋಗಿದ್ರೂ ಸೈ. ಅಲ್ಲಿತನಕ ಮೇಲೇ ಮಡಚ್ತೀನಿ" ಎಂದಳು. ಆ ಕಡೆಯಿಂದ ಅವರು, ಹಾಗಾದರೆ ದೀಪಾವಳಿಗೆ ಬೇರೆಯವರನ್ನು ಹಾಕುತ್ತೇನೆ, ಹಬ್ಬ ಮುಗಿಯಲಿ, ನೋಡೋಣ ಎಂದರು. ಕಾಯಂ ಮಾತು ಎತ್ತಲಿಲ್ಲ. ಫೋನಿಟ್ಟ ಮೇಲೆ ಅಕ್ಕ ತಣ್ಣಗೆ ಅಂಬಲಿ ಕುಡಿದಳು, ಸ್ಟ್ರಾನಲ್ಲಿ.

ಅವಳು ಹೆದರಲಿಲ್ಲ. ನಾನೇ ಹೆದರಿದ್ದೇನೆ. ಅವಳಿಗೆ ಆ ಕೌಂಟರ್ ಸಿಗದಿದ್ದರೆ ಅದು ನನ್ನ ಜೆಲ್‌ನಿಂದ.

ನಾಳೆ ನನಗೆ ಬೆಳಿಗ್ಗೆಯೇ ಲ್ಯಾಬ್ ಇದೆ. ಈ ಪತ್ರವನ್ನು ಅಂಟಿಸಿ ಅಕ್ಕನ ಕೈಗೆ ಕೊಡುತ್ತೇನೆ. ಹಿರಿಯೂರು ಬಸ್ಸಿನ ಕಂಡಕ್ಟರ್ ಅವಳಿಗೆ ಪರಿಚಯ, ನಿನಗೆ ತಲುಪಿಸುತ್ತಾರೆ. ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ಬರುವ ಶನಿವಾರ ನಾನು ಊರಿಗೆ ಬರುತ್ತೇನೆ. ಬಂದಾಗ ನಿನ್ನ ಮುಖ ನೋಡಿ ಕೇಳಲು ನನಗೆ ಧೈರ್ಯ ಬರುವುದಿಲ್ಲ. ಅದಕ್ಕೇ ಇಲ್ಲೇ ಕೇಳುತ್ತೇನೆ, ನೀನು ಒಂದೇ ಸಾಲು ಬರೆದರೂ ಸಾಕು. ದೊಡ್ಡಮ್ಮ ನನ್ನನ್ನು ಎತ್ತಿಕೊಂಡು ಹೋದ ದಿನ ನಾನು ಅತ್ತೆನಾ?

ನಿನ್ನ ಸಿಟ್ಟಿನ ಮಗಳು,
ಸಹನಾ

ತಾಜಾಕಲಂ: ಅಮ್ಮ, ನಾನು ದಿವ್ಯಾ. ಮಾತು ಕೊಟ್ಟಿದ್ದೆ, ಆದ್ರೂ ಅಂಟು ಬಿಡಿಸಿ ಓದಿದೆ. ಬಸ್ ಹೊರಡುತ್ತೆ, ಬೇಗ ಬರೀತಿದೀನಿ. ನನ್ನ ಬಾಯಿ ಚಿಂತೆ ಬಿಡು, ಉರಿ ಇಳಿದಿದೆ. ಅವಳು ಅತ್ತಳಾ ಅಂತ ಕೇಳಿದಾಳಲ್ಲ, ಇಲ್ಲ, ದೊಡ್ಡಮ್ಮನ ಹೆಗಲ ಮೇಲೆ ಕೂತು ಬಸ್ ನೋಡಿ ಚಪ್ಪಾಳೆ ತಟ್ಟಿದಳು ಅಂತ ಬರಿ. ಅದು ನಿಜಾನೇ. ಅತ್ತಿದ್ದು ನಾನು ಅಂತ ಬರೀಬೇಡ. ದೊಡ್ಡಮ್ಮ ಆವತ್ತು ಕರಕೊಂಡು ಹೋಗೋಕೆ ಬಂದಿದ್ದು ನನ್ನನ್ನ, ಅಲ್ಲಿ ದೊಡ್ಡ ಇಸ್ಕೂಲಿಗೆ ಸೇರಿಸೋಕೆ ಅನ್ನೋದೂ, ನಾನು ಮಡಚಿಟ್ಟಿದ್ದ ಫ್ರಾಕುಗಳನ್ನ ನೀನು ಒಂದೊಂದೇ ಚೀಲದಿಂದ ತೆಗೆದು ಅವಳ ಬಟ್ಟೆ ತುಂಬಿದೆ ಅನ್ನೋದೂ ಅವಳಿಗೆ ಯಾವತ್ತೂ ಗೊತ್ತಾಗೋದು ಬೇಡ.